ಜಿಡ್ಡು, ಕಿಟ್ಟ, ಮೆರುಗು

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಹಳೆಯ ಮಾಳಿಗೆ ಮನೆಗಳ ಅಡುಗೆಮನೆಯಲ್ಲಿ ಬಾಗಿಲುಳ್ಳ ಕಪಾಟು ಅಪರೂಪದ ವಸ್ತುವಾಗಿತ್ತು. ದಪ್ಪ ಗೋಡೆಯೊಳಗೇ ಬಿಟ್ಟ ಮಾಡಗಳಲ್ಲಿ ಉಪ್ಪು, ಖಾರ, ದೀಪಗಳೂ, ಗೋಡೆಗೆ ಹೊಡೆದ ಹಲಗೆಯ ಮೇಲೆ ಹಿತ್ತಾಳೆ ತಾಮ್ರದ ಪಾತ್ರೆಗಳೂ, ಮೂಲೆಯಲ್ಲಿ ದೊಡ್ಡದರ ಮೇಲೆ ಸಣ್ಣದನ್ನು ಏರಿಸಿಟ್ಟ ಅಡಕಲ ಗಡಿಗೆಗಳಲ್ಲಿ ಬೇಳೆಕಾಳುಗಳೂ ಇರುತ್ತಿದ್ದುದರಿಂದ, ಬಣ್ಣ ಬೇಕಾಗುತ್ತಿದ್ದುದು ಮರಕ್ಕಲ್ಲ, ಗೋಡೆಗೆ. ಅದಕ್ಕೂ ಹಬ್ಬದ ಮುಂದೆ ಬಳಿಯುವ ಸುಣ್ಣ ಮತ್ತು ಅಂಚಿನ ಕೆಮ್ಮಣ್ಣು ಸಾಕಾಗುತ್ತಿತ್ತು. ಒಲೆ ನೆಲವನ್ನು ಬಿಟ್ಟು ಕಡಪಾ ಕಲ್ಲಿನ ಕಟ್ಟೆಯನ್ನೇರಿ, ಕುಳಿತು ಅಡುಗೆ ಮಾಡುತ್ತಿದ್ದವರು ನಿಂತು ಮಾಡತೊಡಗಿದ ಮೇಲೆಯೇ ಕಟ್ಟೆಯ ಕೆಳಗೊಂದು ಖಾಲಿ ಜಾಗ ಹುಟ್ಟಿ, ಅದಕ್ಕೆ ಬಾಗಿಲು ಬಂದು, ಬಾಗಿಲಿಗೆ ಬಣ್ಣ ಬಂತು.

ಆದರೆ ಬಣ್ಣಕ್ಕಿಂತ ಮೊದಲು ಆ ಬಾಗಿಲಿಗೆ ಬಂದು ಕೂಡುವುದು ಜಿಡ್ಡು, ಮತ್ತು ಈ ಸೀಮೆಯ ಜಿಡ್ಡಿಗೆ ತನ್ನದೇ ಆದ ಒಂದು ಗುಣವಿದೆ. ಇಲ್ಲಿಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳದ ಜೊತೆ ಬೆಳೆಯುತ್ತಿದ್ದ ಕುಸುಬಿಯ ಎಣ್ಣೆ ಅಡುಗೆಗೆ ಬಳಕೆಯಾಗುತ್ತಿತ್ತು. ಕುಸುಬಿಯಾಗಲಿ, ಹಿಂಡಿ ಕುಟ್ಟಲು ಬೇಕಾಗುವ ಅಗಸೆಯಾಗಲಿ, ಎರಡೂ ಒಣಗುವ ಎಣ್ಣೆಗಳೆಂಬ ವರ್ಗಕ್ಕೆ ಸೇರುತ್ತವೆ. ತೆಳುವಾಗಿ ಹರಡಿದಾಗ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ದ್ರವವಾಗಿದ್ದುದು ಗಟ್ಟಿ ಪೊರೆಯಾಗುವುದೇ ಇಂಥ ಎಣ್ಣೆಗಳ ಲಕ್ಷಣ. ಯುರೋಪಿನ ಚಿತ್ರಕಾರರು ಬಣ್ಣದ ಪುಡಿಯನ್ನು ಅರೆದುಕೊಂಡದ್ದು ಅಗಸೆ ಎಣ್ಣೆಯಲ್ಲಿ. ಅದಕ್ಕಿಂತ ಕಡಿಮೆ ಹಳದಿಯಾಗುತ್ತದೆಂಬ ಕಾರಣಕ್ಕೆ ಬಿಳಿ ಬಣ್ಣವನ್ನು ಅರೆಯಲು ಕುಸುಬಿ ಎಣ್ಣೆಯನ್ನು ಆರಿಸಿಕೊಳ್ಳುವುದೂ ಉಂಟು. ಹೀಗಿರುವಾಗ ಯಲಬುರ್ಗಾದ ಗೃಹಿಣಿಯೊಬ್ಬಳು ಕುಸುಬಿ ಎಣ್ಣೆಯಲ್ಲಿ ವರ್ಷಗಟ್ಟಲೆ ಒಗ್ಗರಣೆ ಹಾಕಿದರೆ, ಒಲೆಯ ಮಗ್ಗುಲಿನ ಹಲಗೆಗೆ ಅವಳು ಅರಿಯದೆಯೇ ವಾರ್ನಿಷ್ ಹಚ್ಚುತ್ತಿರುತ್ತಾಳೆಂಬುದು ಬರಿಯ ಚಮತ್ಕಾರದ ಮಾತಲ್ಲ, ರಸಾಯನಶಾಸ್ತ್ರವೂ ಹೌದು. ಒದ್ದೆ ಬಟ್ಟೆಗೆ ಆ ಜಿಡ್ಡು ಜಗ್ಗದಿರುವುದಕ್ಕೆ ಇದೇ ಕಾರಣ.

ಈ ಬರಹದ ಲೇಖಕನ ಕೊಪ್ಪಳದ ಮನೆಯಲ್ಲಿ ಅಡುಗೆಮನೆಯ ಕಪಾಟುಗಳಿಗೆ ಬಣ್ಣ ಹಚ್ಚುವ ಕೆಲಸವು ಮನೆಮಂದಿಯ ಪಾಲಿಗೇ ಬಂದಾಗ, ಹೆಚ್ಚಿನ ಶ್ರಮ ಹೋದದ್ದು ಬಣ್ಣಕ್ಕಲ್ಲ, ಬಿಸಿನೀರಿಗೆ ಹಾಕಿದ ವಾಷಿಂಗ್ ಸೋಡಾಕ್ಕೆ. ಸೋಡಾ ಕ್ಷಾರವಾದ್ದರಿಂದ ಜಿಡ್ಡಿನ ಎಣ್ಣೆಯ ಅಂಶವನ್ನು ಸಾಬೂನಾಗಿ ಮಾರ್ಪಡಿಸಿ ನೀರಿನೊಡನೆ ಹೊರಡಿಸುತ್ತದೆ. ಆಮೇಲೆ ಮರಳು ಕಾಗದದಿಂದ ಉಜ್ಜಿ, ಬಿರುಕುಗಳಿಗೆ ಪುಟ್ಟಿ ತುಂಬಿ, ಪ್ರೈಮರ್ ಎಂಬ ತಳಬಣ್ಣ ಕೊಟ್ಟು, ಅದರ ಮೇಲೆ ಇನಾಮೆಲ್ ಹಚ್ಚಬೇಕು. ಡಬ್ಬಿಯ ಮೇಲೆ ಬರೆದ ಈ ಕ್ರಮವನ್ನು ಹೊಸಕಾಲದ ಕಂಪನಿಗಳ ಜ್ಞಾನವೆಂದು ತಿಳಿಯುವವರು ಕೊಪ್ಪಳ ತಾಲ್ಲೂಕಿನ ಕಿನ್ನಾಳಕ್ಕೆ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಕಿನ್ನಾಳದ ಚಿತ್ರಗಾರ ಮನೆತನಗಳು ಮರದ ದೇವರು, ಗರುಡ, ಗೌರಿ, ತೊಟ್ಟಿಲು, ಆಟಿಕೆಗಳನ್ನು ಮಾಡುತ್ತ ಬಂದಿವೆ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳಲ್ಲಿ ತಮ್ಮ ಪೂರ್ವಿಕರ ಕೈಯಿದೆಯೆಂಬುದು ಆ ಮನೆತನಗಳಲ್ಲಿ ಉಳಿದುಬಂದ ನಂಬಿಕೆ. ಈ ಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆ, ಎಂದರೆ ಆ ಊರಿನ ಹೆಸರಿನಲ್ಲಿ ಬೇರೆಯವರು ಮಾರದಂತೆ ತಡೆಯುವ ಕಾನೂನಿನ ರಕ್ಷಣೆ, ದೊರೆತಿದೆ. ಚನ್ನಪಟ್ಟಣದ ಬೊಂಬೆಯಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ, ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಕಿನ್ನಾಳದ ದಾರಿ ಅದಲ್ಲ, ಇಲ್ಲಿ ಪದರದ ಮೇಲೆ ಪದರ ಕೂಡಿಸಬೇಕು. ಹಗುರವಾದ ಮರದಲ್ಲಿ ಬೇರೆಬೇರೆಯಾಗಿ ಕೆತ್ತಿದ ಅಂಗಗಳನ್ನು ಜೋಡಿಸಿದ ಮೇಲೆ, ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಕೈಯಿಂದಲೇ ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಅದೇ ಅಂಟಿನಿಂದ ಹತ್ತಿಬಟ್ಟೆಯ ತುಣುಕುಗಳನ್ನು ಅಂಟಿಸಿ, ಕಲ್ಲಿನ ಪುಡಿ ಮತ್ತು ಅಂಟು ಬೆರೆಸಿದ ಲೇಪವನ್ನು ಬಳಿದು, ಬಣ್ಣ ನಿಲ್ಲುವ ನೆಲವನ್ನು ಸಿದ್ಧಮಾಡುತ್ತಾರೆ. ದೇವರ ಕೊರಳ ಸರ, ತೋಳ್ಬಂದಿಗಳು ಉಬ್ಬಿ ಕಾಣುವುದೂ ಈ ಲೇಪದಿಂದಲೇ. ಕಿಟ್ಟ ಜೋಡುಗಳನ್ನು ಮುಚ್ಚುತ್ತದೆ, ಬಟ್ಟೆ ಮರ ಹಿಗ್ಗಿ ಕುಗ್ಗಿದಾಗ ಬಿರುಕು ಮೇಲೇಳದಂತೆ ಹಿಡಿಯುತ್ತದೆ, ಕಲ್ಲಿನ ಲೇಪ ನುಣುಪು ಕೊಡುತ್ತದೆ. ಪುಟ್ಟಿಯೂ ಪ್ರೈಮರೂ ಮಾಡುವುದು ಇಷ್ಟನ್ನೇ, ಅದೂ ಬಟ್ಟೆಯ ಪದರವನ್ನು ಬಿಟ್ಟು. ಕುರುಬರು ಕಂಬಳಿಗೆ ಬಿರುಸು ಬರಲೆಂದು ಹಚ್ಚುವ ಗಂಜಿಯೂ ಹುಣಸೆಬೀಜದ್ದೇ ಆಗಿರುವುದರಿಂದ, ಸಾರಿಗೆ ಹುಣಸೆಹಣ್ಣು ಹಿಂಡಿ ಬೀಜವನ್ನು ತಿಪ್ಪೆಗೆ ಎಸೆಯುವವರು ಏನನ್ನು ಎಸೆಯುತ್ತಿದ್ದಾರೆಂದು ತುಸು ಯೋಚಿಸಬಹುದು.

ಇದೇ ಜಿಲ್ಲೆಯ ಭಾನಾಪುರದಲ್ಲಿ 2021ರಲ್ಲಿ ಅಡಿಗಲ್ಲು ಬಿದ್ದ ಆಟಿಕೆ ಕ್ಲಸ್ಟರಿನ ಬಗೆಯ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತುವ ಮೊದಲೇ ಬಣ್ಣ ಅದರಲ್ಲಿ ಬೆರೆತಿರಬಲ್ಲದು. ಅಂಥ ವಸ್ತುವಿಗೆ ಒಳಗು ಹೊರಗು ಎರಡೂ ಒಂದೇ, ಹಾಗಾಗಿ ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ.

ಪದರಗಳಲ್ಲಿ ಕೊನೆಯದಾದ ಮೆರುಗಿನ ವಿಷಯವೇ ಹೆಚ್ಚು ಸ್ವಾರಸ್ಯದ್ದು. ಕುಂಬಾರಿಕೆಯಲ್ಲಿ ಗ್ಲೇಜ್ ಎಂದರೆ ಆವಿಗೆಯ ಬೆಂಕಿಯಲ್ಲಿ ಕರಗಿ ಕೂಡುವ ಗಾಜಿನ ಹೊದಿಕೆ. ಮರಗೆಲಸದಲ್ಲಿ ಅದು ಅಡಿಯ ಬಣ್ಣವನ್ನು ಮರೆಮಾಡದೆ ಅದರ ಛಾಯೆಯನ್ನಷ್ಟೇ ಬದಲಿಸುವ, ವಾರ್ನಿಷ್‌ನಂಥ ದ್ರವದಲ್ಲಿ ಸ್ವಲ್ಪವೇ ವರ್ಣ ಕಲಸಿದ ತೆಳು ಲೇಪ. ಕಿನ್ನಾಳದಲ್ಲಿ ಲಾಜವಾರ ಎಂದು ಕರೆಯುವ ವಿಧಾನದಲ್ಲಿ ತವರವನ್ನು ಅಂಟಿನೊಡನೆ ಅರೆದು ಹಚ್ಚಿ, ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿದಾಗ ಅದು ಬೆಳ್ಳಿಯಂತೆ ಬೆಳಗುತ್ತದೆ. ಅದರ ಮೇಲೆ ಹಳದಿ ಛಾಯೆಯ ಪಾರದರ್ಶಕ ವಾರ್ನಿಷ್ ಬಿದ್ದರೆ ಬೆಳ್ಳಿ ಹೊನ್ನಾಗಿ ಕಾಣುತ್ತದೆ. ಬೆಳಕು ಹಳದಿ ಪೊರೆಯನ್ನು ದಾಟಿ, ತವರಕ್ಕೆ ತಾಗಿ, ಮತ್ತೆ ಅದೇ ಪೊರೆಯನ್ನು ದಾಟಿ ಕಣ್ಣಿಗೆ ಬರುವುದರಿಂದ ಆ ಹೊಳಪಿಗೆ ಆಳ ಬರುತ್ತದೆ, ಮತ್ತು ಚಿನ್ನವಿಲ್ಲದ ಚಿನ್ನದ ಒಡವೆ ಗೌರಿಯ ಮೈಮೇಲೆ ನಿಲ್ಲುತ್ತದೆ.

ಈಗಿನ ಅಡುಗೆಮನೆಗಳಲ್ಲಿ ಮೆರುಗು ಬೇಡುವವರ ಉದ್ದೇಶ ಇದಕ್ಕೆ ತೀರ ವಿರುದ್ಧವಾದದ್ದು. ಕೆನೆಬಣ್ಣದ ಬಾಗಿಲ ಮೇಲೆ ಗಾಢ ಕಂದು ಗ್ಲೇಜನ್ನು ಹಚ್ಚಿ, ಅದು ಒಣಗುವ ಮೊದಲೇ ಬಟ್ಟೆಯಿಂದ ಒರೆಸಿದರೆ, ಚಪ್ಪಟೆ ಭಾಗ ಬಿಳುಪಾಗಿ ಉಳಿದು, ಸಂದುಗಳಲ್ಲಿ ಮತ್ತು ಕೆತ್ತನೆಯ ಗೀರುಗಳಲ್ಲಿ ಮಾತ್ರ ಕಪ್ಪು ಕೂತು, ಹೊಸ ಕಪಾಟು ಅಜ್ಜಿಯ ಕಾಲದ್ದೆಂಬಂತೆ ತೋರುತ್ತದೆ. ಲೇಖಕನ ಮನೆಯಲ್ಲಿ ಇಂಥ ಒಂದು ಮಾದರಿಯ ಹಲಗೆಯನ್ನು ನೋಡಿದ ಆತನ ತಾಯಿ, ಒಲೆಯ ಹೊಗೆಯೊಡನೆ ಬಾಳ್ವೆ ಮಾಡಿದವರಾದ್ದರಿಂದ, ಕೇಳಿದ್ದು ಇಷ್ಟೇ: “ಮಸಿ ತಿಕ್ಕಿ ತಿಕ್ಕಿ ನಮ್ಮ ಕೈ ಸೋತ್ವು, ನೀವು ರೊಕ್ಕಾ ಕೊಟ್ಟು ಮಸಿ ಹಚ್ಚಾಕತ್ತೀರೇನು?” ಈ ಪ್ರಶ್ನೆಗೆ ಸೌಂದರ್ಯಶಾಸ್ತ್ರದಲ್ಲಿ ಉತ್ತರವಿರಬಹುದು, ಆದರೆ ಅಡುಗೆಮನೆಯಲ್ಲಿ ಅದನ್ನು ಹೇಳುವುದಕ್ಕೆ ಧೈರ್ಯ ಬೇಕು.

ಕೊನೆಗೆ ಆದ ತೀರ್ಮಾನ ಸೋಡಾವನ್ನು ಅವಲಂಬಿಸಿತ್ತು. ಒಲೆಯ ಹತ್ತಿರದ ಬಾಗಿಲುಗಳಿಗೆ ಒಗ್ಗರಣೆಯ ಸಿಡಿತ ತಪ್ಪದಿರುವುದರಿಂದ ಅವನ್ನು ಮೇಲಿಂದ ಮೇಲೆ ಸೋಡಾ ಹಾಕಿ ತಿಕ್ಕಬೇಕಾಗುತ್ತದೆ, ತಿಕ್ಕಿದರೆ ತೆಳುವಾದ ಗ್ಲೇಜು ಮೊದಲು ಹೋಗುತ್ತದೆ. ಆದ್ದರಿಂದ ಅವಕ್ಕೆ ಬರಿಯ ಇನಾಮೆಲ್ ಮಾತ್ರ. ಮೆರುಗು ದೊರೆತದ್ದು ಒಲೆಯಿಂದ ದೂರವಿರುವ ಮೇಲಿನ ಕಪಾಟುಗಳಿಗೆ, ಅದೂ ಕಂದು ಬಣ್ಣವನ್ನು ಅರ್ಧಕ್ಕರ್ಧ ಕಡಿಮೆ ಮಾಡಿ, ತಾಯಿಯವರು ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತು ಸಾಕೆಂದಲ್ಲಿಗೆ ಒರೆಸಿ ನಿಲ್ಲಿಸಿದ ಮೇಲೆ.