ಮುಂದಿನ ವಾರ ಕೊಡ್ತೀವಿ

ಇಂಗ್ಲೆಂಡಿನಲ್ಲಿ ಹಳೇ ಕಾರು ಕೊಳ್ಳುವುದು ಕಷ್ಟದ ಕೆಲಸವಲ್ಲ. ಕೊಂಡದ್ದನ್ನು ಗ್ಯಾರೇಜಿಗೆ ಬಿಟ್ಟು ಮತ್ತೆ ರಸ್ತೆಗೆ ಇಳಿಸಿಕೊಳ್ಳುವುದರಲ್ಲಿ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನದು 1964ರ ಟ್ರಯಂಫ್ ಹೆರಾಲ್ಡ್ 1200. ಅದೇ ಕಾರು ಯಾಕೆ ಅನ್ನುವುದಕ್ಕೆ ಅಪ್ಪನೇ ಕಾರಣ. ಅಪ್ಪ ಸಕಲೇಶಪುರದ ಕಡೆ ಕಾಫಿ ತೋಟದ ಸಾಹುಕಾರರೊಬ್ಬರ ಮನೆಯಲ್ಲಿ ಡ್ರೈವರಾಗಿದ್ದರು. ಓಡಿಸುತ್ತಿದ್ದದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನೇ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಿಸುತ್ತಿದ್ದರು. ನಮ್ಮ ಘಟ್ಟದ ತಿರುವುಗಳಲ್ಲಿ ಅದರಷ್ಟು ಚಿಕ್ಕ ಜಾಗದಲ್ಲಿ ತಿರುಗುವ ಕಾರು ಇನ್ನೊಂದಿಲ್ಲ ಎಂದು ಅಪ್ಪ ಈಗಲೂ ಹೇಳುತ್ತಾರೆ. ಕೆಲಸದ ಮೇಲೆ ನಾನು ಬಂದು ನೆಲೆಸಿದ್ದು ಕವೆಂಟ್ರಿಯಲ್ಲಿ. ಹೆರಾಲ್ಡ್ ಹುಟ್ಟಿದ ಕ್ಯಾನ್ಲಿ ಕಾರ್ಖಾನೆ ಇದ್ದದ್ದು ಇದೇ ಊರಿನಲ್ಲಿ. ಅಲ್ಲಿ ಕಾರು ಜೋಡಿಸುವುದು 1980ರಲ್ಲೇ ನಿಂತುಹೋಗಿದೆ. ಆದರೂ ಹೆರಾಲ್ಡ್ ಬಲ್ಲ ಕೈಗಳಿಗೆ ಈ ಊರಿನಲ್ಲಿ ಕೊರತೆಯಿರಲಾರದು ಎಂದು ಯಾರಾದರೂ ನಂಬುತ್ತಾರೆ.

ಈ ಕಾರನ್ನು ಕಟ್ಟಿದ ರೀತಿಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಟ್ರಯಂಫ್‌ನವರಿಗೆ ಬಾಡಿ ಮಾಡಿಕೊಡುತ್ತಿದ್ದ ಕಂಪನಿಯನ್ನು 1953ರಲ್ಲಿ ಅವರ ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ಇಡೀ ಬಾಡಿಯನ್ನು ಒಂದೇ ತುಂಡಾಗಿ ಮಾಡಿಸುವ ದಾರಿ ಮುಚ್ಚಿತು. ಹಾಗಾಗಿ 1959ರಲ್ಲಿ ಹೆರಾಲ್ಡ್ ಹೊರಬಂದಾಗ ಅದಕ್ಕೆ ಹಳೇ ಕಾಲದ ಹಾಗೆ ಬೇರೆಯದೇ ಚಾಸಿಸ್ ಇತ್ತು, ಅದರ ಮೇಲೆ ತುಂಡುತುಂಡಾಗಿ ಬೋಲ್ಟು ಹಾಕಿ ಕೂರಿಸಿದ ಬಾಡಿ ಇತ್ತು. ಇಟಲಿಯ ಮಿಕೆಲೊಟ್ಟಿ ಅದರ ರೂಪ ಬಿಡಿಸಿದವರು. ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೆಕ್ಯಾನಿಕ್ ಚಕ್ರದ ಮೇಲೆ ಕೂತೇ ಎಂಜಿನ್ ಕೆಲಸ ಮಾಡಬಹುದು. ಇದನ್ನು ಬಿಚ್ಚಲು ನಾಲ್ಕು ಸ್ಪ್ಯಾನರ್ ಹಿಡಿಯಬಲ್ಲ ಯಾರಿಗಾದರೂ ಸಾಧ್ಯ. ಮತ್ತೆ ಕೂಡಿಸುವಾಗ ಮಾತ್ರ ಚಾಸಿಸ್ಸಿಗೂ ಬಾಡಿಗೂ ನಡುವೆ ಎಲ್ಲೆಲ್ಲಿ ಎಷ್ಟು ದಪ್ಪದ ಬಿಲ್ಲೆ ಇಡಬೇಕೆಂಬ ಅಂದಾಜು ಬೇಕು. ಅದು ತಪ್ಪಿದರೆ ಬಾಗಿಲು ಕೂರುವುದಿಲ್ಲ, ಬಾನೆಟ್ಟು ಬಾಗಿಲಿಗೆ ಉಜ್ಜುತ್ತದೆ.

ಚಳಿಗಾಲದಲ್ಲಿ ಇಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ನನ್ನ ಕಾರಿನ ಚಾಸಿಸ್ಸಿನಿಂದ ಅಕ್ಕಪಕ್ಕಕ್ಕೆ ಚಾಚಿರುವ ತೋಳುಗಳನ್ನು, ಅಂದರೆ ಔಟ್‌ರಿಗರ್‌ಗಳನ್ನು, ಆ ಉಪ್ಪಿನ ತುಕ್ಕು ತಿಂದುಹಾಕಿತ್ತು. ಅವನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಬೇಕಿತ್ತು. ಹೊಸ ಭಾಗಗಳು ಇವತ್ತಿಗೂ ಸಿಗುತ್ತವೆ. ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರಿದು, ಅಭಿಮಾನಿಗಳೂ ಬಹಳ.

ಮೊದಲ ಗ್ಯಾರೇಜಿನವನು ಅಡ್ವಾನ್ಸ್ ಇಸಿದುಕೊಂಡ, ಅಂದಾಜು ಖರ್ಚು ಬರೆದುಕೊಟ್ಟ, ಬೇಸಿಗೆ ಮುಗಿಯುವುದರೊಳಗೆ ಕೊಡುತ್ತೇನೆ ಎಂದ. ಬೇಸಿಗೆ ಮುಗಿಯಿತು. ಫೋನು ಮಾಡಿದಾಗಲೆಲ್ಲ ಒಂದೇ ಉತ್ತರ: "ಇನ್ನೊಂದು ಚೂರು ಉಳಿದಿದೆ, ಮುಂದಿನ ವಾರ ಕೊಡ್ತೀವಿ." ಎಷ್ಟು ಮುಂದಿನ ವಾರಗಳು ಹೋದವೋ. ಇತ್ತ ಅಪ್ಪನಿಂದ ಪ್ರತಿ ಭಾನುವಾರ ಫೋನು: "ಗಾಡಿ ಬಂತೇನೋ ಮಗಾ?" ಕೊನೆಕೊನೆಗೆ ಆ ಪ್ರಶ್ನೆಗೆ ಹೆದರಿ ಭಾನುವಾರ ಫೋನು ಎತ್ತಲು ಹಿಂಜರಿಯುತ್ತಿದ್ದೆ.

ಒಂದು ದಿನ ಹೇಳದೆ ಕೇಳದೆ ಹೋದೆ. ಕಾರು ಶೆಡ್ಡಿನ ಹಿಂದೆ, ಬಯಲಿನಲ್ಲಿ, ಹರಿದ ತಾಡಪಾಲಿನ ಕೆಳಗೆ ನಿಂತಿತ್ತು. ಬಾನೆಟ್ಟು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಸೀಟುಗಳನ್ನು ತೆಗೆದ ಕಡೆ ಮಳೆ ನೀರು ನಿಂತು ಪಾಚಿ ಕಟ್ಟಿತ್ತು. ವೆಲ್ಡಿಂಗ್ ಆರಂಭವೇ ಆಗಿರಲಿಲ್ಲ. ಬಿಚ್ಚಿದ ಬೋಲ್ಟುಗಳೆಲ್ಲ ಒಂದೇ ಡಬ್ಬದಲ್ಲಿ, ಯಾವುದು ಎಲ್ಲಿಯದೆಂಬ ಚೀಟಿಯಿಲ್ಲದೆ ಬಿದ್ದಿದ್ದವು.

ಗ್ಯಾರೇಜಿನವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ದಿನನಿತ್ಯದ ಕಾರುಗಳು ಬೆಳಿಗ್ಗೆ ಬಂದು ಸಂಜೆ ಹೋಗುತ್ತವೆ, ದುಡ್ಡು ಅಂದೇ ಕೈಗೆ ಬರುತ್ತದೆ. ಹಳೇ ಕಾರಿನಲ್ಲಿ ಒಂದು ತುಕ್ಕು ಕೆರೆದರೆ ಅದರಡಿ ಮೂರು ಕಾಣುತ್ತವೆ. ತಗಡು ಬಡಿದು ಆಕಾರಕ್ಕೆ ತರಬಲ್ಲ ಹಿರಿಯರು ನಿವೃತ್ತರಾಗುತ್ತಿದ್ದಾರೆ. ನಿಧಾನವನ್ನು ನಾನು ಸಹಿಸುತ್ತಿದ್ದೆ. ವೆಲ್ಡಿಂಗ್ ಆರಂಭವೇ ಆಗದ ಕಾರನ್ನು ಮುಗಿಯುತ್ತ ಬಂತು ಎಂದದ್ದನ್ನು ಇವತ್ತಿಗೂ ಸಹಿಸಲಾರೆ.

ಜಗಳವಾಡುವುದಕ್ಕೂ ಭಯ. ಇಲ್ಲಿನ ಕಾನೂನಿನಲ್ಲಿ, ಮಾಡಿದ ಕೆಲಸದ ಹಣ ಬರುವವರೆಗೆ ಕಾರನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ರಿಪೇರಿಯವನಿಗೆ ಇದೆ. ಬಿಚ್ಚಿದ್ದಕ್ಕೇ ಬಿಲ್ಲು ಹಾಕಿದರೆ ಏನು ಮಾಡುವುದು? ಅಡ್ವಾನ್ಸಿನ ಆಸೆ ಬಿಟ್ಟು, ಟ್ರಕ್ಕು ತರಿಸಿ ಕಾರನ್ನು ಹೇರಿಕೊಂಡು ಬಂದೆ.

ಎರಡನೆಯ ಗ್ಯಾರೇಜು ನೋಡಲು ಅಚ್ಚುಕಟ್ಟಾಗಿತ್ತು. ಗೋಡೆಯ ಮೇಲೆ ಹಳೇ ಕಾರುಗಳ ಫೋಟೋ, ನೆಲ ಒರೆಸಿದಂತೆ ಚೊಕ್ಕಟ. ಅಲ್ಲಿಯೂ ತಿಂಗಳುಗಳು ಉರುಳಿದವು. ಆದರೆ ಕೊನೆಗೆ ಕಾರು ಬಂತು, ಹೊಳೆಯುವ ಬಣ್ಣದೊಂದಿಗೆ ಬಂತು. ಹಣ ಪೂರ್ತಿ ಕೊಟ್ಟೆ. ಎಡಗಡೆ ಬಾಗಿಲು ಎತ್ತಿ ಹಾಕಿದರೆ ಮಾತ್ರ ಮುಚ್ಚುತ್ತಿತ್ತು. ಓಡಿಸುತ್ತ ಓಡಿಸುತ್ತ ಸರಿಹೋಗುತ್ತದೆ ಎಂದರು.

ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರುಗಳಿಗೆ 2018ರಿಂದ ಇಲ್ಲಿ ಎಂಒಟಿ ಎಂಬ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಆದರೂ ನಾನು ಬೇರೆ ಕಡೆ ಹಣ ಕೊಟ್ಟು ಮಾಡಿಸಿದೆ. ಹೆಂಡತಿ, ಮಗಳು ಕೂರುವ ಕಾರು. ತಪಾಸಣೆಯವನು ಕಾರನ್ನು ಎತ್ತಿ, ಮುಂದಿನ ಚಕ್ರ ಹಿಡಿದು ಅಲುಗಿಸಿ, ನನ್ನನ್ನು ಹತ್ತಿರ ಕರೆದ. ಹೊಸ ಬಣ್ಣದ ಕೆಳಗೆ ಔಟ್‌ರಿಗರ್ ಒಂದರಲ್ಲಿ ಕೊಳೆತ ತಗಡಿನ ಮೇಲೇ ತೇಪೆ ಹಚ್ಚಿ ಪುಟ್ಟಿ ಮೆತ್ತಿದ್ದರು. ಅದಕ್ಕಿಂತ ಭಯಂಕರವಾದದ್ದು ಚಕ್ರದ ಬಳಿ ಇತ್ತು. ಹೆರಾಲ್ಡಿನ ಮುಂದಿನ ಚಕ್ರವನ್ನು ಹಿಡಿದಿರುವ ಉಕ್ಕಿನ ಕಂಬದ ಬುಡದಲ್ಲಿ ಥ್ರೆಡ್ ಇದೆ. ಅದು ಟ್ರನಿಯನ್ ಎಂಬ ಕಂಚಿನ ತುಂಡಿನೊಳಗೆ ಕೂತು, ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ತಿರುಗುತ್ತದೆ. ಅದಕ್ಕೆ ಗಟ್ಟಿ ಗೇರ್ ಆಯಿಲ್ ಹಾಕಬೇಕೆಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಗ್ರೀಸ್ ತುಂಬಿದರೆ ಅದು ಥ್ರೆಡ್ಡಿನ ತಳಕ್ಕೆ ಇಳಿಯದು, ನೀರು ಸೇರುತ್ತದೆ, ಉಕ್ಕು ತುಕ್ಕು ಹಿಡಿದು ಒಂದು ದಿನ ಪಟ್ಟನೆ ಮುರಿಯುತ್ತದೆ. ಚಕ್ರ ಮಡಚಿಕೊಂಡು ಕಾರು ರಸ್ತೆಗೆ ಕುಸಿಯುತ್ತದೆ. ನನ್ನ ಕಾರಿನಲ್ಲಿ ಎರಡೂ ಕಡೆ ಗ್ರೀಸ್ ತುಂಬಿತ್ತು, ಒಂದು ಕಡೆ ಥ್ರೆಡ್ ಸವೆದು ಆಡುತ್ತಿತ್ತು.

ಆ ರಾತ್ರಿ ಅಪ್ಪನಿಗೆ ಹೇಳಿದೆ. "ಗ್ರೀಸ್ ಹಾಕಿದ್ರಾ?" ಎಂದು ಅಪ್ಪ ಎರಡು ಸಲ ಕೇಳಿದರು. "ನಾನು ಸೇರಿದ ದಿನವೇ ಸಾಹುಕಾರ್ರು ಪುಸ್ತಕ ತೋರಿಸಿ ಹೇಳಿದ್ರಲ್ಲಪ್ಪ, ಅಲ್ಲಿಗೆ ಆಯಿಲ್ಲೇ ಅಂತ. ಆ ಗ್ಯಾರೇಜಿನೋರ ಊರಿನ ಕಾರು, ಅವರಿಗೇ ಗೊತ್ತಿಲ್ವಾ?" ಅಪ್ಪನ ದನಿಯಲ್ಲಿದ್ದ ಸಿಟ್ಟು ನನ್ನ ಸಿಟ್ಟಿಗಿಂತ ದೊಡ್ಡದಿತ್ತು.

ಈ ಸಲ ಬಿಡಲಿಲ್ಲ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಇಲ್ಲಿ ಯಾವುದೇ ಕೆಲಸವನ್ನು ತಕ್ಕ ಎಚ್ಚರ ಮತ್ತು ಕೌಶಲದಿಂದ ಮಾಡಬೇಕು. ಗಡುವು ಬರೆದಿರದಿದ್ದರೂ ನ್ಯಾಯವಾದ ಅವಧಿಯಲ್ಲಿ ಮುಗಿಸಬೇಕು. ಹತ್ತು ಸಾವಿರ ಪೌಂಡ್‌ವರೆಗಿನ ತಕರಾರನ್ನು ವಕೀಲರಿಲ್ಲದೆ ಸಣ್ಣ ದಾವೆಯಾಗಿ ಹೂಡಬಹುದು. ತಪಾಸಣೆಯ ವರದಿ, ಫೋಟೋ, ಬಿಲ್ಲು ಲಗತ್ತಿಸಿ, ಎರಡನೆಯ ಗ್ಯಾರೇಜಿಗೆ ದಾವೆಗೆ ಮುಂಚಿನ ಕಾಗದ ಕಳಿಸಿದೆ. ಫೋನಿನಲ್ಲಿ ದಬಾಯಿಸುತ್ತಿದ್ದ ಮಾಲೀಕ ಕಾಗದಕ್ಕೆ ಬೇರೆಯೇ ದನಿಯಲ್ಲಿ ಉತ್ತರ ಬರೆದ. ಪೂರ್ತಿ ಅಲ್ಲದಿದ್ದರೂ ವೆಲ್ಡಿಂಗಿನ ಹಣ ವಾಪಸು ಬಂತು.

ಕಾರನ್ನು ಸರಿಮಾಡಿದವರು ಹಳ್ಳಿಯೊಂದರಲ್ಲಿ ಒಬ್ಬರೇ ಕೆಲಸ ಮಾಡುವ ಹಿರಿಯರು. ಅಡ್ವಾನ್ಸ್ ಕೇಳಲಿಲ್ಲ. ಒಂದು ಹಂತ ಮುಗಿಸಿ, ಫೋಟೋ ಕಳಿಸಿ, ಅಷ್ಟಕ್ಕೆ ಹಣ ತೆಗೆದುಕೊಂಡು ಮುಂದಿನದಕ್ಕೆ ಕೈ ಹಾಕುತ್ತಿದ್ದರು. ತಡವಾಗುವುದಿದ್ದರೆ ಅವರೇ ಫೋನು ಮಾಡುತ್ತಿದ್ದರು. ಅವರೂ ನಿಧಾನವೇ. ಆದರೆ ಅಲ್ಲಿದ್ದಷ್ಟು ದಿನ ನಾನು ನೆಮ್ಮದಿಯಾಗಿ ಮಲಗಿದೆ. ಎಡಗಡೆ ಬಾಗಿಲು ಈಗ ಒಂದು ಬೆರಳು ತಳ್ಳಿದರೆ ಮುಚ್ಚುತ್ತದೆ.

ಹೊರದೇಶದಲ್ಲಿ ಹಳೇ ಕಾರು ಬಿಚ್ಚಿಸಲು ಹೊರಟವರು ಬಾಯಿಮಾತಿಗೆ ಒಪ್ಪಬೇಡಿ, ಎಲ್ಲವನ್ನೂ ಬರೆಸಿಕೊಳ್ಳಿ, ಮುಗಿದಷ್ಟಕ್ಕೇ ಹಣ ಕೊಡಿ. ಇನ್ನು ನಮ್ಮೂರುಗಳ ತೋಟದ ಮನೆಯ ಶೆಡ್ಡಿನಲ್ಲಿ ಹೆರಾಲ್ಡ್ ಇಟ್ಟುಕೊಂಡವರು ಅದನ್ನು ಹೊರಗೆ ತೆಗೆಯುವ ಮುನ್ನ ಮುಂದಿನ ಎರಡೂ ಟ್ರನಿಯನ್ ಬಿಚ್ಚಿಸಿ ನೋಡಿ. ಒಳಗೆ ಗ್ರೀಸ್ ಇದ್ದರೆ ಪೂರ್ತಿ ತೊಳೆಸಿ, ಥ್ರೆಡ್ ಸವೆದಿದ್ದರೆ ಬದಲಾಯಿಸಿ, 90ರ ಗೇರ್ ಆಯಿಲ್ ಹಾಕಿಸಿ.