ಬೆಲ್‌ಫಾಸ್ಟಿನ ಗೋಡೆಯ ಎರಡೂ ಕಡೆ

ಮಗಳಿಗೆ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತೆಂದು ತಿಳಿದ ದಿನ ನಮ್ಮ ಮನೆಯಲ್ಲಿ ಸಂಭ್ರಮಕ್ಕಿಂತ ಮೌನವೇ ಹೆಚ್ಚಾಗಿತ್ತು. ಅದಕ್ಕೊಂದು ಹಳೆಯ ಕಾರಣವಿದೆ. ನಾನು ಎಂ.ಡಿ. ಮುಗಿಸಿ ಇಂಗ್ಲೆಂಡಿಗೆ ಬಂದ ಹೊಸದರಲ್ಲಿ, 1999ರಲ್ಲಿ, ಬೆಲ್‌ಫಾಸ್ಟಿನ ಒಂದು ಕೆಲಸಕ್ಕೆ ಅರ್ಜಿ ಹಾಕುವವನಿದ್ದೆ. ಶಿವಮೊಗ್ಗದಿಂದ ಅಪ್ಪ ಫೋನಿನಲ್ಲಿ, "ಅಲ್ಲಿ ಬಾಂಬು ಹಾಕ್ತಾರಂತಲ್ಲೋ, ಬೇಡ ಮಾರಾಯ" ಎಂದರು. ಅರ್ಜಿ ಹಾಗೇ ಉಳಿಯಿತು. ಈಗ ಅದೇ ಮಾತು ನನ್ನ ಬಾಯಿಂದ ಹೊರಡುವುದರಲ್ಲಿತ್ತು. "ಒಮ್ಮೆ ನೋಡಿಕೊಂಡು ಬಂದು ಆಮೇಲೆ ಮಾತಾಡಿ" ಎಂದಳು ನನ್ನಾಕೆ. ಹೋದ ವರ್ಷ ಈಸ್ಟರ್ ರಜೆಯಲ್ಲಿ ಮೂವರೂ ಹೊರಟೆವು.

ಟೈಟಾನಿಕ್ ಹಡಗನ್ನು ಕಟ್ಟಿದ ಊರು ಬೆಲ್‌ಫಾಸ್ಟ್. ಆದರೆ ನಾವು ಮೊದಲು ನೋಡಲು ಹೋದದ್ದು ಅಲ್ಲಿನ ಗೋಡೆಗಳನ್ನು. ಪ್ರವಾಸಿಗರನ್ನು ಸುತ್ತಾಡಿಸುವ ಕಪ್ಪು ಟ್ಯಾಕ್ಸಿಯೊಂದನ್ನು ಹಿಡಿದೆವು. ಅರವತ್ತು ದಾಟಿದ ಚಾಲಕ ಹಿಂತಿರುಗಿ, "ನೀವು ಹಿಂದೂಗಳಾ? ಸರಿ, ಕ್ಯಾಥೊಲಿಕ್ ಹಿಂದೂನೋ, ಪ್ರಾಟೆಸ್ಟೆಂಟ್ ಹಿಂದೂನೋ?" ಎಂದು ಕೇಳಿ ತಾನೇ ನಕ್ಕ. ಅದು ಅಲ್ಲಿನ ಹಳೇ ಜೋಕಂತೆ!

ಈ ಜೋಕಿನ ಹಿಂದಿನ ಕಥೆ ಮಾತ್ರ ನಗುವಂಥದ್ದಲ್ಲ. 1921ರಲ್ಲಿ ಐರ್ಲೆಂಡ್ ಇಬ್ಭಾಗವಾದಾಗ ಉತ್ತರದ ಆರು ಕೌಂಟಿಗಳು ಬ್ರಿಟನ್ನಿನಲ್ಲೇ ಉಳಿದವು. ಅಲ್ಲಿ ಆಗ ಬಹುಸಂಖ್ಯಾತರಾಗಿದ್ದ ಪ್ರಾಟೆಸ್ಟೆಂಟರಲ್ಲಿ ಹೆಚ್ಚಿನವರಿಗೆ ಬ್ರಿಟನ್ ಬೇಕು. ಕ್ಯಾಥೊಲಿಕರಲ್ಲಿ ಹೆಚ್ಚಿನವರಿಗೆ ಐರ್ಲೆಂಡ್ ಒಂದಾಗಬೇಕು. ಮನೆ, ಉದ್ಯೋಗ, ಮತದಾನಗಳಲ್ಲಿ ತಮಗೆ ಅನ್ಯಾಯವಾಗುತ್ತಿದೆಯೆಂದು ಕ್ಯಾಥೊಲಿಕರು 1960ರ ದಶಕದಲ್ಲಿ ಬೀದಿಗಿಳಿದರು. 1969ರಲ್ಲಿ ಸೈನ್ಯ ಬಂತು. ಮುಂದಿನ ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಆಗ ಆ ನಾಡಿನ ಜನಸಂಖ್ಯೆ ಸುಮಾರು 15 ಲಕ್ಷ. ಅಂದರೆ ಇಂದಿನ ನಮ್ಮ ಮೈಸೂರು ಜಿಲ್ಲೆಯ ಅರ್ಧದಷ್ಟು!

ಕ್ಯಾಥೊಲಿಕರ ಫಾಲ್ಸ್ ರಸ್ತೆಯಲ್ಲಿ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ವೈದ್ಯನಾದ ನನಗೆ ಅದೊಂದು ಯಾತ್ರಾಸ್ಥಳ. ಆಂಬುಲೆನ್ಸಿನಲ್ಲಿ ಒಯ್ಯಬಹುದಾದ ಡಿಫಿಬ್ರಿಲೇಟರನ್ನು 1960ರ ದಶಕದಲ್ಲಿ ಡಾ. ಫ್ರಾಂಕ್ ಪ್ಯಾಂಟ್ರಿಜ್ ರೂಪಿಸಿದ್ದು ಇಲ್ಲೇ. ಗಲಭೆಯ ವರ್ಷಗಳಲ್ಲಿ ಗುಂಡು ಹೊಡೆದವನಿಗೂ, ಗುಂಡು ತಿಂದವನಿಗೂ ಇಲ್ಲೇ ಚಿಕಿತ್ಸೆ ಆಗುತ್ತಿತ್ತು.

ಅಲ್ಲಿಂದ ಸ್ವಲ್ಪ ದೂರದಲ್ಲೇ ಪ್ರಾಟೆಸ್ಟೆಂಟರ ಶಾಂಕಿಲ್ ರಸ್ತೆ. ನಡುವೆ ಆ ಎತ್ತರದ ಗೋಡೆ. ಹೆಸರು 'ಶಾಂತಿ ಗೋಡೆ'! 1969ರಲ್ಲಿ ತಾತ್ಕಾಲಿಕವೆಂದು ಶುರುವಾದ ಏರ್ಪಾಟು ಇದು. 2023ರೊಳಗೆ ಇಂಥ ಗೋಡೆಗಳನ್ನೆಲ್ಲ ತೆಗೆಯುತ್ತೇವೆಂದು ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ಗಡುವು ಮುಗಿಯಿತು, ಗೋಡೆಗಳು ನಿಂತೇ ಇವೆ. ಕೆಲವು ಗೇಟುಗಳಿಗೆ ಈಗಲೂ ರಾತ್ರಿ ಬೀಗ ಬೀಳುತ್ತದೆ.

ಹಾಗಾದರೆ ಶಾಂತಿ ಬಂದಿದ್ದು ಹೇಗೆ? 1998ರ ಏಪ್ರಿಲ್ 10ರಂದು, ಗುಡ್ ಫ್ರೈಡೇ ದಿನ, ಅಮೆರಿಕದ ಜಾರ್ಜ್ ಮಿಚೆಲ್ ಅವರ ಅಧ್ಯಕ್ಷತೆಯಲ್ಲಿ ನಡೆದ ಮಾತುಕತೆ ಒಪ್ಪಂದದಲ್ಲಿ ಮುಗಿಯಿತು. ಬಹುಮತ ಒಪ್ಪದೆ ಆ ನಾಡು ಬ್ರಿಟನ್ನನ್ನು ಬಿಡುವಂತಿಲ್ಲ, ಒಪ್ಪಿದರೆ ತಡೆಯುವಂತಿಲ್ಲ. ಅಲ್ಲಿ ಹುಟ್ಟಿದವರು ಬ್ರಿಟಿಷ್, ಐರಿಶ್ ಅಥವಾ ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು. ಸರ್ಕಾರದಲ್ಲಿ ಎರಡೂ ಬಣದವರು ಇರಲೇಬೇಕು. ಪ್ರಥಮ ಮಂತ್ರಿಗೂ ಉಪ ಪ್ರಥಮ ಮಂತ್ರಿಗೂ ಸಮಾನ ಅಧಿಕಾರ, ಒಬ್ಬರು ಬಿಟ್ಟರೆ ಇನ್ನೊಬ್ಬರೂ ಇಳಿಯಬೇಕು. (ನಮ್ಮ ಸಂಘಗಳ ಸಮಿತಿಗಳಿಗೂ ಈ ನಿಯಮ ತರಬಹುದೇನೋ!) ಮೇ 22ರ ಜನಮತದಲ್ಲಿ ಶೇಕಡಾ 71 ಜನ ಒಪ್ಪಿದರು.

ಒಪ್ಪಿಕೊಳ್ಳಲು ಕಷ್ಟವಾದ ಷರತ್ತೊಂದಿತ್ತು. ಕದನವಿರಾಮಕ್ಕೆ ಬದ್ಧವಾದ ಗುಂಪುಗಳ ಕೈದಿಗಳನ್ನು ಎರಡು ವರ್ಷದೊಳಗೆ ಬಿಡಬೇಕು. ನಮ್ಮ ಚಾಲಕನ ಅಣ್ಣ 1989ರಲ್ಲಿ ಗುಂಡಿಗೆ ಬಲಿಯಾದವನು. ಕೊಂದವನು ಹೀಗೇ ಹೊರಬಂದ. "ಅಂಗಡಿಯಲ್ಲಿ ಒಮ್ಮೊಮ್ಮೆ ಎದುರಾಗುತ್ತಾನೆ" ಎಂದ. ಹೇಗೆ ಸಹಿಸುತ್ತೀರಿ ಎಂದೆ. "ಸಹಿಸುವುದಿಲ್ಲ. ಆದರೂ ಅವತ್ತು ನಾನು ಒಪ್ಪಂದಕ್ಕೇ ಮತ ಹಾಕಿದೆ. ನನ್ನ ಮೊಮ್ಮಗ ಬಾಂಬಿನ ಸದ್ದು ಕೇಳಿಲ್ಲ." ಅವನು ಯಾವ ಬಣದವನೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೀವು ತುಂಬಿದ ಆಳದ ಗಾಯಕ್ಕೆ ನಾವು ವೈದ್ಯರು ತಕ್ಷಣ ಹೊಲಿಗೆ ಹಾಕುವುದಿಲ್ಲ. ತೆರೆದಿಟ್ಟು, ದಿನವೂ ತೊಳೆದು, ತಳದಿಂದ ಮಾಂಸ ತುಂಬಿ ಬರಲೆಂದು ಕಾಯುತ್ತೇವೆ. ಬೆಲ್‌ಫಾಸ್ಟಿನ ಶಾಂತಿಯೂ ಹಾಗೆಯೇ. ಒಪ್ಪಂದವಾಗಿ ನಾಲ್ಕೇ ತಿಂಗಳಿಗೆ ಓಮಾದಲ್ಲಿ ಬಾಂಬು 29 ಜನರನ್ನು ಕೊಂದಿತು. ಐ.ಆರ್.ಎ. ಆಯುಧ ಕೆಳಗಿಟ್ಟಿದ್ದು 2005ರಲ್ಲಿ. ಬದ್ಧವೈರಿಗಳಾದ ಇಯಾನ್ ಪೇಯ್ಸ್ಲಿ ಮತ್ತು ಮಾರ್ಟಿನ್ ಮೆಗಿನ್ನೆಸ್ ಜೊತೆಯಾಗಿ ಅಧಿಕಾರ ವಹಿಸಿದ್ದು 2007ರಲ್ಲಿ. ಆಮೇಲೂ ವಿಧಾನಸಭೆ ವರ್ಷಗಟ್ಟಲೆ ನಿಂತುಹೋಗಿ, 2024ರಲ್ಲಿ ಮತ್ತೆ ಶುರುವಾಯಿತು. ಎರಡೂ ಸಮುದಾಯದ ಮಕ್ಕಳನ್ನು ಕೂಡಿಸಿ ಓದಿಸಲೆಂದೇ ಇರುವ ಶಾಲೆಗಳಲ್ಲಿ ಇರುವವರು ಇಂದಿಗೂ ನೂರಕ್ಕೆ ಹತ್ತಕ್ಕಿಂತ ಕಡಿಮೆ.

ನನ್ನ ನಿಜವಾದ ಆತಂಕ ಬೇರೆಯೇ ಇತ್ತು. 2024ರ ಆಗಸ್ಟಿನಲ್ಲಿ ಇದೇ ಊರಿನಲ್ಲಿ ವಲಸಿಗರ ಅಂಗಡಿಗಳಿಗೆ ಬೆಂಕಿ ಬಿದ್ದಿತ್ತು. ಗೋಡೆಯ ಯಾವ ಕಡೆಗೂ ಸೇರದ ನಮ್ಮಂಥವರ ಗತಿ? ಮಗಳನ್ನು ಕೇಳಿದೆ. "ಅಪ್ಪಾ, ಆ ವಾರವೇ ಸಾವಿರಾರು ಜನ ಸಿಟಿ ಹಾಲ್ ಮುಂದೆ ಸೇರಿ ಇದು ತಪ್ಪು ಅಂದರಲ್ಲ, ಅವರನ್ನೂ ಲೆಕ್ಕಕ್ಕೆ ತಗೊಳ್ಳಿ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಗೋಡೆಯ ಮೇಲೆ ಬಂದವರೆಲ್ಲ ಹೆಸರು ಬರೆಯುವುದು ರೂಢಿ. ಮಗಳೂ ಪೆನ್ನು ತೆಗೆದುಕೊಂಡು ಕನ್ನಡದಲ್ಲಿ 'ಶಾಂತಿ' ಎಂದು ಬರೆದಳು. ಬರೆಯುವಾಗ ಒಂದು ಚಿಕ್ಕ ತಪ್ಪಾಗಿತ್ತು. ಅವಳಮ್ಮ ನಗುತ್ತಾ ತಿದ್ದಿದಳು.

ಸೆಪ್ಟೆಂಬರಿನಲ್ಲಿ ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದೆವು. ಅಪ್ಪ ಇದ್ದಿದ್ದರೆ ಖಂಡಿತ ಬೈಯುತ್ತಿದ್ದರು. ಆಮೇಲೆ ದಿನಾ ಸಂಜೆ ಅವಳಿಗೆ ಫೋನು ಮಾಡುತ್ತಿದ್ದರು. ಈಗ ಆ ಕೆಲಸ ನಾನು ಮಾಡುತ್ತಿದ್ದೇನೆ.