ನಾನು ಖೊಖೊ ಆಡುತ್ತೇನೆ



ಹೋದ ವರ್ಷ ಯೂನಿಫಾರ್ಮ್ ಹೊಲಿಸೋಕೆ ಶ್ರೀನಿವಾಸಪುರಕ್ಕೆ ಹೋಗಿದ್ದೆವು. ಟೈಲರಣ್ಣ ಅಳತೆ ತೆಗೆದು, "ಏನಕ್ಕಾ, ಮಗೂಗೆ ಒಂದು ಭುಜ ಮೇಲೆ, ಒಂದು ಕೆಳಗೆ ಐತಲ್ಲ" ಎಂದರು. ಅಮ್ಮ ಗಾಬರಿಯಾದಳು. ಬ್ಯಾಗು ಹೊತ್ತು ಹಿಂಗಾಗಿದೆ ಎಂದು ಅಪ್ಪ ಹೇಳಿದರು. "ನನ್ನಂಗೆ ಬೋರ್ ನೀರು ಕುಡಿದು ಹಿಂಗಾಗೈತೆ" ಎಂದಳು ಅಜ್ಜಿ.

ಡಾಕ್ಟರು ನನ್ನನ್ನು ಮುಂದಕ್ಕೆ ಬಗ್ಗಿಸಿ ನೋಡಿ ಎಕ್ಸ್‌ರೇ ತೆಗೆಸಿದರು. ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ. ಇದರ ಹೆಸರು ಸ್ಕೋಲಿಯೋಸಿಸ್. ನಮ್ಮ ವಯಸ್ಸಿನ 100 ಮಕ್ಕಳಲ್ಲಿ 2-3 ಮಂದಿಗೆ ಇರುತ್ತದೆ. ಹೆಚ್ಚಿನವರಿಗೆ ಕಾರಣವೇ ಗೊತ್ತಾಗುವುದಿಲ್ಲ. ಬ್ಯಾಗಿನಿಂದ ಬರುವುದಲ್ಲ.

ಅಜ್ಜಿಯದು ಬೇರೆ, ಅದು ಫ್ಲೋರೋಸಿಸ್. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೂ ಹೋಗುವುದಿಲ್ಲ. ಅದಕ್ಕೇ ನಾವು ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ.

ಆಮೇಲೆ ಮನೆಯಲ್ಲಿ ಒಂದೇ ಮಾತು: ಬಿಂದಿಗೆ ಎತ್ತಬೇಡ, ಓಡಬೇಡ, ಬಿಸಿಲಿಗೆ ಹೋಗಬೇಡ. ಅಮ್ಮ ಶಾಲೆಗೆ ಬಂದು ಮೇಷ್ಟ್ರಿಗೆ ಹೇಳಿ ಖೊಖೊ ಬಿಡಿಸಿದಳು. ನೀವೆಲ್ಲ ಆಡುವಾಗ ನಾನು ಹುಣಸೆ ಮರದ ಕೆಳಗೆ ನಿಮ್ಮ ಚಪ್ಪಲಿ ಕಾಯುತ್ತಿದ್ದೆ. ಕೆಲವರು "ಗೂನಿ" ಅಂದಿರಿ. ರಾತ್ರಿ ಅತ್ತೆ.

ಎರಡನೇ ಸಲ ಹೋದಾಗ ಡಾಕ್ಟರು ಅಮ್ಮನಿಗೇ ಬೈದರು. "ಇಂಥ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಮೊದಲೇ ಮೂಳೆಯ ಗಟ್ಟಿತನ ಕಡಿಮೆ. ಆಟ, ಬಿಸಿಲು ಎರಡೂ ಬಿಡಿಸಿದರೆ ಇನ್ನೂ ಕಡಿಮೆಯಾಗುತ್ತೆ. ಮೂಳೆ ಗಟ್ಟಿಯಾಗೋ ವಯಸ್ಸೇ ಇದು. ಬೆಲ್ಟ್ ಬಿಚ್ಚಿಟ್ಟು ಆಡಲಿ, ಆಮೇಲೆ ಹಾಕಿಕೊಳ್ಳಲಿ" ಎಂದರು.

ನಮಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ ಬಹಳ ಕಡಿಮೆ. ಬಿಸಿಲು ಬಿದ್ದರೆ ಮೈಯಲ್ಲಿ ವಿಟಮಿನ್ ಡಿ ಆಗುತ್ತದೆ. ಅದಿಲ್ಲದಿದ್ದರೆ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮುದ್ದೆ ತಿಂದರೆ ನನ್ನ ಬೆನ್ನು ನೆಟ್ಟಗಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಮೂಳೆ ಗಟ್ಟಿಯಾಗುತ್ತದೆ.

ಆದ್ದರಿಂದ ಗೆಳೆಯರೇ, 2013ರಲ್ಲಿ ಶುರುವಾದ ಕ್ಷೀರ ಭಾಗ್ಯದ ಹಾಲನ್ನು ಕಾಂಪೌಂಡ್ ಹಿಂದೆ ಚೆಲ್ಲಬೇಡಿ. ಮನೆಯಲ್ಲಿ ಒಂದು ಸಲ ಬಗ್ಗಿ ನಿಂತು ಬೆನ್ನು ತೋರಿಸಿ. ಒಂದು ಕಡೆ ಉಬ್ಬಿದ್ದರೆ ಡಾಕ್ಟರ ಹತ್ತಿರ ಹೋಗಿ, ಮುಚ್ಚಿಡಬೇಡಿ.

ಸೋಮವಾರದಿಂದ ನಾನೂ ಖೊಖೊ ಆಡುತ್ತೇನೆ. ಮೇಷ್ಟ್ರು ಒಪ್ಪಿದ್ದಾರೆ. ಚಪ್ಪಲಿ ಕಾಯೋಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಇಂತಿ ನಿಮ್ಮ ಗೆಳತಿ,
ಏಳನೇ ತರಗತಿ